ಬೀಗದ ಕೈ ಇದ್ದವರಿಗಷ್ಟೇ ಮತ

1967ರಲ್ಲಿ ಉತ್ತರ ಐರ್ಲೆಂಡಿನ ಡೆರಿ ನಗರದಲ್ಲಿ ನಗರಸಭೆಗೆ ಚುನಾವಣೆ ನಡೆಯಿತು. ಮತದಾರರ ಪಟ್ಟಿಯಲ್ಲಿದ್ದ ಕ್ಯಾಥೊಲಿಕರು 14,429. ಉಳಿದವರು, ಬಹುಪಾಲು ಪ್ರಾಟೆಸ್ಟೆಂಟರು, 8,781. ಆ ನಾಡಿನಲ್ಲಿ ಮತ ಬೀಳುತ್ತಿದ್ದುದು ಹೆಚ್ಚುಕಡಿಮೆ ಧರ್ಮದ ಗೆರೆ ಹಿಡಿದೇ. ಬ್ರಿಟನ್ನಿನ ಜೊತೆಗೇ ಉಳಿಯಬೇಕು ಎನ್ನುವ ಯೂನಿಯನಿಸ್ಟರಿಗೆ ಪ್ರಾಟೆಸ್ಟೆಂಟರ ಬೆಂಬಲ. ಐರ್ಲೆಂಡ್ ಒಂದಾಗಬೇಕು ಎನ್ನುವ ನ್ಯಾಷನಲಿಸ್ಟರಿಗೆ ಕ್ಯಾಥೊಲಿಕರ ಬೆಂಬಲ. ಈ ಲೆಕ್ಕದಲ್ಲಿ ನಗರಸಭೆ ನ್ಯಾಷನಲಿಸ್ಟರ ಕೈಗೆ ಬರಬೇಕಿತ್ತು. ಆದರೆ 20 ಸ್ಥಾನಗಳಲ್ಲಿ 12 ಯೂನಿಯನಿಸ್ಟರ ಪಾಲಾದವು, ನ್ಯಾಷನಲಿಸ್ಟರಿಗೆ ಉಳಿದದ್ದು 8.

ಮತಪೆಟ್ಟಿಗೆಯನ್ನು ಯಾರೂ ಕದ್ದಿರಲಿಲ್ಲ, ಎಣಿಕೆಯಲ್ಲಿ ಮೋಸವಾಗಿರಲಿಲ್ಲ. ಎಲ್ಲವೂ ಕಾನೂನಿನ ಪ್ರಕಾರವೇ ನಡೆದಿತ್ತು. ನಗರದಲ್ಲಿ ಇದ್ದದ್ದು ಮೂರು ವಾರ್ಡು. ದಕ್ಷಿಣ ವಾರ್ಡಿನಲ್ಲಿ 10,047 ಕ್ಯಾಥೊಲಿಕರನ್ನೂ 1,138 ಇತರರನ್ನೂ ಒಟ್ಟಿಗೆ ತುಂಬಲಾಗಿತ್ತು. ಅಲ್ಲಿಂದ 8 ಸದಸ್ಯರು. ಉತ್ತರ ವಾರ್ಡಿನಲ್ಲಿ 2,530 ಕ್ಯಾಥೊಲಿಕರು, 3,946 ಇತರರು. ಅಲ್ಲಿಂದಲೂ 8 ಸದಸ್ಯರು. ವಾಟರ್‌ಸೈಡ್ ವಾರ್ಡಿನಲ್ಲಿ 1,852 ಕ್ಯಾಥೊಲಿಕರು, 3,697 ಇತರರು, 4 ಸದಸ್ಯರು. ದಕ್ಷಿಣದಲ್ಲಿ ಒಬ್ಬ ಸದಸ್ಯನನ್ನು ಕಳಿಸಲು ಸುಮಾರು 1,400 ಮತದಾರರು ಬೇಕಾದರೆ ಉತ್ತರದಲ್ಲಿ 810 ಜನ ಸಾಕಾಗುತ್ತಿದ್ದರು. ಈ ಮೂರು ವಾರ್ಡುಗಳ ಗಡಿಯನ್ನು 1936ರಲ್ಲಿ ಹಾಕಿದ್ದು ಇದೇ ಫಲಿತಾಂಶ ಬರಲೆಂದು.

ವಾರ್ಡಿನ ಗಡಿಯ ಈ ಕಥೆ ಜಗತ್ತಿಗೆಲ್ಲ ಗೊತ್ತಾಗಿದೆ. ಅದಕ್ಕಿಂತ ಆಳದಲ್ಲಿದ್ದ ಇನ್ನೊಂದು ಕಟ್ಟು ಅಷ್ಟಾಗಿ ಕಣ್ಣಿಗೆ ಬೀಳುವುದಿಲ್ಲ. ಮೇಲಿನ ಅಂಕಿಗಳೆಲ್ಲ ಪಟ್ಟಿಯ ಒಳಗಿದ್ದವರವು. ಪಟ್ಟಿಯ ಹೊರಗೆ ನಿಂತವರು ಸಾವಿರಾರು ಜನರಿದ್ದರು. ವಯಸ್ಕರು, ಅದೇ ಊರಲ್ಲಿ ಹುಟ್ಟಿದವರು, ಲಂಡನ್ನಿನ ಸಂಸತ್ತಿಗೆ ಮತ ಹಾಕುವವರು, ಬೆಲ್‌ಫಾಸ್ಟಿನ ಸ್ಟಾರ್ಮಾಂಟ್ ಶಾಸನಸಭೆಗೂ ಮತ ಹಾಕುವವರು. ತಮ್ಮ ಬೀದಿಯ ಚರಂಡಿ, ತಮ್ಮ ಮಕ್ಕಳ ಮನೆ, ತಮ್ಮ ಊರಿನ ತೆರಿಗೆ ನೋಡಿಕೊಳ್ಳುವ ಕೌನ್ಸಿಲ್ ಚುನಾವಣೆಯಲ್ಲಿ ಮಾತ್ರ ಅವರಿಗೆ ಮತವಿರಲಿಲ್ಲ. ಇಡೀ ಉತ್ತರ ಐರ್ಲೆಂಡಿನಲ್ಲಿ ಶಾಸನಸಭೆಯ ಮತದಾರರ ಪೈಕಿ ಸುಮಾರು ಕಾಲು ಭಾಗದಷ್ಟು ಮಂದಿ ಹೀಗೆ ಸ್ಥಳೀಯ ಪಟ್ಟಿಯಿಂದ ಹೊರಗಿದ್ದರು.

ಮುಂದಿದ್ದ ಕಾನೂನು ಹಿಂದೆ ಬಿದ್ದ ಬಗೆ

ಐರ್ಲೆಂಡಿನಲ್ಲಿ ಸ್ಥಳೀಯ ಮತದಾನ ಒಂದು ಕಾಲಕ್ಕೆ ಸಂಸತ್ತಿನ ಮತದಾನಕ್ಕಿಂತ ಉದಾರವಾಗಿತ್ತು. ಇಡೀ ದ್ವೀಪ ಬ್ರಿಟಿಷ್ ಆಳ್ವಿಕೆಯಲ್ಲಿದ್ದಾಗ, 1898ರಲ್ಲಿ, ಸ್ಥಳೀಯ ಆಡಳಿತದ ಕಾಯ್ದೆ ಬಂತು. ಕೌಂಟಿ ಕೌನ್ಸಿಲ್‌ಗಳು, ನಗರ ಮತ್ತು ಗ್ರಾಮೀಣ ಜಿಲ್ಲಾ ಕೌನ್ಸಿಲ್‌ಗಳು ಹುಟ್ಟಿಕೊಂಡವು. ಅದುವರೆಗೆ ಜಮೀನ್ದಾರರ ಹಿಡಿತದಲ್ಲಿದ್ದ ಜಿಲ್ಲಾಡಳಿತ ಸಣ್ಣ ರೈತರ, ಅಂಗಡಿಯವರ ಕೈಗೆ ಬಂತು. ಮನೆಯ ಯಜಮಾನಿಯಾಗಿದ್ದ ಹೆಂಗಸೂ ಕೌನ್ಸಿಲ್‌ಗೆ ಮತ ಹಾಕಬಹುದು ಎಂದಿತು ಆ ಕಾಯ್ದೆ. ಸಂಸತ್ತಿನ ಚುನಾವಣೆಯಲ್ಲಿ ಹೆಂಗಸರಿಗೆ ಮತ ಸಿಗಲು ಅಲ್ಲಿಂದ ಇನ್ನೂ 20 ವರ್ಷ ಹಿಡಿಯಿತು.

1919ರಲ್ಲಿ ಮತ್ತೊಂದು ಹೆಜ್ಜೆ. ಐರ್ಲೆಂಡಿನ ಸ್ಥಳೀಯ ಚುನಾವಣೆಗಳಿಗೆ ಪ್ರಮಾಣಾನುಗುಣ ಪ್ರಾತಿನಿಧ್ಯ ಬಂತು. ಮತದಾರರು ಅಭ್ಯರ್ಥಿಗಳಿಗೆ 1, 2, 3 ಎಂದು ಪ್ರಾಶಸ್ತ್ಯ ಗುರುತಿಸುತ್ತಾರೆ. ಯಾವ ಗುಂಪಿಗೆ ಎಷ್ಟು ಬೆಂಬಲವೋ ಸರಿಸುಮಾರು ಅಷ್ಟೇ ಸ್ಥಾನ ಸಿಗುತ್ತದೆ. ಈ ಪದ್ಧತಿಯಲ್ಲಿ 1920ರ ಜನವರಿಯಲ್ಲಿ ಡೆರಿಗೆ ಚುನಾವಣೆ ನಡೆದಾಗ ನಗರಸಭೆ ಮೊದಲ ಬಾರಿಗೆ ನ್ಯಾಷನಲಿಸ್ಟರು ಮತ್ತು ಐರಿಷ್ ಗಣರಾಜ್ಯ ಬಯಸಿದ ಪಕ್ಷ ಶಿನ್ ಫೇನ್‌ನವರ ಕೈಗೆ ಬಂತು. ಹ್ಯೂ ಒ'ಡೊಹರ್ಟಿ ಎಂಬ ಕ್ಯಾಥೊಲಿಕ್ ವಕೀಲರು ಮೇಯರ್ ಆದರು. 17ನೆಯ ಶತಮಾನದ ಮುತ್ತಿಗೆಯನ್ನು ತಡೆದು ನಿಂತ ಕೋಟೆಯೆಂದು ಪ್ರಾಟೆಸ್ಟೆಂಟರು ಹೆಮ್ಮೆಪಡುತ್ತಿದ್ದ ಊರಿನಲ್ಲಿ ಇದು ಸಣ್ಣ ಸಂಗತಿಯಲ್ಲ. ಅದೇ ವರ್ಷದ ಜೂನ್‌ನಲ್ಲಿ ಫರ್ಮಾನಾ ಮತ್ತು ಟಿರೋನ್ ಕೌಂಟಿ ಕೌನ್ಸಿಲ್‌ಗಳೂ ನ್ಯಾಷನಲಿಸ್ಟರಿಗೆ ಒಲಿದವು.

1921ರಲ್ಲಿ ಐರ್ಲೆಂಡ್ ಎರಡಾಯಿತು. ಉತ್ತರದ ಆರು ಕೌಂಟಿಗಳು ಬ್ರಿಟನ್ನಿನೊಳಗೇ ಉಳಿದು ತಮ್ಮದೇ ಸರ್ಕಾರ ಪಡೆದವು. ಜೇಮ್ಸ್ ಕ್ರೇಗ್ ಮೊದಲ ಪ್ರಧಾನಿ. ಫರ್ಮಾನಾ, ಟಿರೋನ್ ಕೌನ್ಸಿಲ್‌ಗಳು ಮಾತ್ರ ಬೆಲ್‌ಫಾಸ್ಟಿಗೆ ತಲೆಬಾಗಲಿಲ್ಲ. ತಮ್ಮ ನಿಷ್ಠೆ ಡಬ್ಲಿನ್ನಿನ ಡಾಲ್‌ಗೆ, ಅಂದರೆ ಐರಿಷ್ ಸಂಸತ್ತಿಗೆ ಎಂದು ಠರಾವು ಮಾಡಿದವು. ಹೊಸದಾಗಿ ಹುಟ್ಟಿದ ರಾಜ್ಯದ ಕಾಲು ಭಾಗಕ್ಕೂ ಹೆಚ್ಚಿನ ನೆಲ, ಅದೂ ಗಡಿಗೆ ಅಂಟಿಕೊಂಡ ನೆಲ, ರಾಜ್ಯವನ್ನೇ ಒಪ್ಪುವುದಿಲ್ಲ ಎಂದಂತಾಯಿತು. ಸರ್ಕಾರ ಆ ಕೌನ್ಸಿಲ್‌ಗಳನ್ನು ವಿಸರ್ಜಿಸಿತು. ಮುಂದೆ ನಡೆದುದೆಲ್ಲದರ ಹಿಂದೆ ಯೂನಿಯನಿಸ್ಟರ ಈ ಹಳೆಯ ಭಯವಿದೆ. ಅದು ಸುಳ್ಳು ಭಯವಾಗಿರಲಿಲ್ಲ. ಆದರೆ ಅದಕ್ಕೆ ಅವರು ಕಂಡುಕೊಂಡ ಮದ್ದು ಮುಂದಿನ ಐವತ್ತು ವರ್ಷ ಆ ನಾಡನ್ನು ಒಳಗಿನಿಂದ ಕೊರೆಯಿತು.

1922ರಲ್ಲಿ ಕ್ರೇಗ್ ಸರ್ಕಾರ ಸ್ಥಳೀಯ ಚುನಾವಣೆಗಳಲ್ಲಿ ಪ್ರಮಾಣಾನುಗುಣ ಪದ್ಧತಿಯನ್ನು ರದ್ದು ಮಾಡಿತು. ಡಬ್ಲಿನ್ನಿನಿಂದ ಅಲ್ಲಿನ ಐರಿಷ್ ಸರ್ಕಾರದ ನಾಯಕ ಮೈಕಲ್ ಕಾಲಿನ್ಸ್ ಪ್ರತಿಭಟಿಸಿದರು. ಲಂಡನ್ ಕೆಲವು ವಾರ ರಾಜನ ಒಪ್ಪಿಗೆಯನ್ನು ತಡೆಹಿಡಿಯಿತು. ಒಪ್ಪಿಗೆ ಸಿಗದಿದ್ದರೆ ರಾಜೀನಾಮೆ ಕೊಡುತ್ತೇವೆಂದು ಬೆಲ್‌ಫಾಸ್ಟ್ ಪಟ್ಟು ಹಿಡಿದಾಗ ಲಂಡನ್ ಮಣಿಯಿತು. ವಾರ್ಡುಗಳ ಗಡಿ ಹೊಸದಾಗಿ ಹಾಕಲು ಸರ್ ಜಾನ್ ಲೀಚ್ ಅವರನ್ನು ನೇಮಿಸಲಾಯಿತು. ಊರೂರಿಗೆ ಹೋಗಿ ಅವರು ನಡೆಸಿದ ವಿಚಾರಣೆಗಳನ್ನು ನ್ಯಾಷನಲಿಸ್ಟರು ಬಹುಮಟ್ಟಿಗೆ ಬಹಿಷ್ಕರಿಸಿದರು. ರಾಜ್ಯವೇ ಬಹುಕಾಲ ಬಾಳದು ಎಂದು ಅವರು ನಂಬಿದ್ದರು. ಹೀಗಾಗಿ ಯೂನಿಯನಿಸ್ಟರು ಮುಂದಿಟ್ಟ ನಕ್ಷೆಗಳಿಗೆ ಎದುರು ನಕ್ಷೆಯೇ ಇರಲಿಲ್ಲ. 1924ರ ಚುನಾವಣೆ ಮುಗಿಯುವ ಹೊತ್ತಿಗೆ 1920ರಲ್ಲಿ ನ್ಯಾಷನಲಿಸ್ಟರು ಗೆದ್ದಿದ್ದ ಹೆಚ್ಚಿನ ಕೌನ್ಸಿಲ್‌ಗಳು ಅವರ ಕೈಬಿಟ್ಟಿದ್ದವು.

1946ರ ಪಟ್ಟಿ

ಬ್ರಿಟನ್ನಿನಲ್ಲೂ 1945ರವರೆಗೆ ಸ್ಥಳೀಯ ಮತ ತೆರಿಗೆಗೆ ಅಂಟಿಕೊಂಡೇ ಇತ್ತು. ಕೌನ್ಸಿಲ್ ನಡೆಯುವುದು ಕಟ್ಟಡ ತೆರಿಗೆಯಿಂದ, ಆದ್ದರಿಂದ ತೆರಿಗೆ ಕೊಡುವವನೇ ಅದನ್ನು ಆರಿಸಬೇಕು ಎಂಬುದು ಹಳೆಯ ವಾದ. ಎರಡನೆಯ ಮಹಾಯುದ್ಧ ಈ ವಾದದ ಬುಡ ಅಲ್ಲಾಡಿಸಿತು. ಯುದ್ಧಕ್ಕೆ ಹೋದ ಯುವಕನಿಗೆ, ಕಾರ್ಖಾನೆಯಲ್ಲಿ ದುಡಿದ ಯುವತಿಗೆ ಸ್ವಂತ ಹೆಸರಿನಲ್ಲಿ ಮನೆಯಿಲ್ಲವೆಂದು ಮತ ನಿರಾಕರಿಸುವುದು ಹೇಗೆ? 1945ರಲ್ಲಿ ಲಂಡನ್ನಿನ ವೆಸ್ಟ್‌ಮಿನ್‌ಸ್ಟರ್ ಸಂಸತ್ತು ತನ್ನ ಚುನಾವಣೆಯ ಮತದಾರರೆಲ್ಲರಿಗೂ ಕೌನ್ಸಿಲ್ ಚುನಾವಣೆಯಲ್ಲೂ ಮತ ಕೊಟ್ಟಿತು. ಆದರೆ ಉತ್ತರ ಐರ್ಲೆಂಡಿನ ಕೌನ್ಸಿಲ್‌ಗಳ ವಿಷಯ ಸ್ಟಾರ್ಮಾಂಟ್‌ಗೆ ಸೇರಿದ್ದು.

ಸ್ಟಾರ್ಮಾಂಟ್ 1946ರಲ್ಲಿ ತನ್ನದೇ ಕಾಯ್ದೆ ತಂದಿತು. ಅದು ಲಂಡನ್ ಹೋದ ದಿಕ್ಕಿಗೆ ಬೆನ್ನು ಮಾಡಿತ್ತು. ಕೌನ್ಸಿಲ್ ಚುನಾವಣೆಯಲ್ಲಿ ಮತ ಇರುವುದು ಮನೆಯ ಮಾಲೀಕನಿಗೆ ಅಥವಾ ಮನೆಯನ್ನು ತನ್ನ ಹೆಸರಿನಲ್ಲಿ ಬಾಡಿಗೆಗೆ ಹಿಡಿದವನಿಗೆ, ಮತ್ತು ಅವನ ಹೆಂಡತಿಗೆ. ಯಜಮಾನಿಯ ಹೆಸರಿನಲ್ಲಿ ಮನೆಯಿದ್ದರೆ ಆಕೆಗೆ ಮತ್ತು ಆಕೆಯ ಗಂಡನಿಗೆ. ಒಂದು ಮನೆಗೆ ಎರಡು ಮತ, ಅಲ್ಲಿಗೆ ಮುಗಿಯಿತು. ಅದೇ ಸೂರಿನಡಿ ಇರುವ ಮೂವತ್ತು ವರ್ಷದ ಮಗನಿಗೆ ಮತವಿಲ್ಲ, ದುಡಿದು ತರುವ ಮಗಳಿಗೆ ಮತವಿಲ್ಲ, ಮದುವೆಯಾಗಿ ಅತ್ತೆಯ ಮನೆಯ ಒಂದು ಕೋಣೆಯಲ್ಲಿ ಸಂಸಾರ ಹೂಡಿದ ದಂಪತಿಗೆ ಮತವಿಲ್ಲ, ಕೋಣೆ ಬಾಡಿಗೆಗೆ ಹಿಡಿದವರಿಗೆ ಮತವಿಲ್ಲ, ಮನೆಗೆಲಸದವಳಿಗೆ ಮತವಿಲ್ಲ. ಹಿಂದೆ ಮತವಿದ್ದ ಬಾಡಿಗೆ ಕೋಣೆಯವರ ಹಕ್ಕನ್ನೂ ಈ ಕಾಯ್ದೆ ಕಿತ್ತುಕೊಂಡಿತು.

ಇತ್ತ ಕಂಪನಿಗಳಿಗೆ ಮತವಿತ್ತು. ಕಟ್ಟಡದ ತೆರಿಗೆ ಮೌಲ್ಯದ ಪ್ರತಿ 10 ಪೌಂಡಿಗೆ ಒಬ್ಬರಂತೆ ಒಂದು ಲಿಮಿಟೆಡ್ ಕಂಪನಿ ಆರು ಜನರವರೆಗೆ ತನ್ನ ಪರವಾಗಿ ಮತ ಹಾಕಲು ನೇಮಿಸಬಹುದಿತ್ತು. ಈ ಮತಗಳ ಒಟ್ಟು ಸಂಖ್ಯೆ ದೊಡ್ಡದಲ್ಲ. ಆದರೆ ಒಂದು ಗೋದಾಮಿಗೆ ಆರು ಮತ, ಆ ಗೋದಾಮಿನಲ್ಲಿ ಮೂಟೆ ಹೊರುವ ಯುವಕನಿಗೆ ಒಂದೂ ಇಲ್ಲ ಎಂಬುದು ಎಂಥವರಿಗೂ ಅರ್ಥವಾಗುವ ಅನ್ಯಾಯ.

ಈ ಕಾನೂನಿನಲ್ಲಿ ಧರ್ಮದ ಹೆಸರಿಲ್ಲ. ಬಡ ಪ್ರಾಟೆಸ್ಟೆಂಟರನ್ನೂ ಅದು ದೊಡ್ಡ ಸಂಖ್ಯೆಯಲ್ಲಿ ಹೊರಗಿಟ್ಟಿತು. ಬೆಲ್‌ಫಾಸ್ಟಿನ ಹಡಗುಕಟ್ಟೆಯಲ್ಲಿ ದುಡಿದು ತಂದೆಯ ಮನೆಯಲ್ಲೇ ಉಳಿದಿದ್ದ ಯೂನಿಯನಿಸ್ಟ್ ಯುವಕನಿಗೂ ಕೌನ್ಸಿಲ್ ಮತವಿರಲಿಲ್ಲ. ಆದರೆ ಕ್ಯಾಥೊಲಿಕರು ಹೆಚ್ಚು ಬಡವರು, ಅವರ ಕುಟುಂಬಗಳು ದೊಡ್ಡವು, ಒಂದೇ ಮನೆಯಲ್ಲಿ ಎರಡು ಮೂರು ಸಂಸಾರ ಇಕ್ಕಟ್ಟಾಗಿ ಬದುಕುವುದು ಅವರಲ್ಲೇ ಹೆಚ್ಚು. ಆದ್ದರಿಂದ ಹೊಡೆತವೂ ಅವರಿಗೇ ಹೆಚ್ಚು. ಡೆರಿ, ಟಿರೋನ್, ಫರ್ಮಾನಾಗಳಂಥ ಸಮಬಲದ ಕಡೆಗಳಲ್ಲಿ ಈ ವ್ಯತ್ಯಾಸವೇ ಅಧಿಕಾರವನ್ನು ನಿರ್ಧರಿಸುವಂತಿತ್ತು.

ಭಾರತ 1951–52ರ ಮೊದಲ ಮಹಾಚುನಾವಣೆಯಲ್ಲಿ ಆಸ್ತಿ, ತೆರಿಗೆ, ಓದು ಯಾವುದನ್ನೂ ಕೇಳದೆ 17 ಕೋಟಿಗೂ ಹೆಚ್ಚು ಜನರನ್ನು ಪಟ್ಟಿಗೆ ಸೇರಿಸಿದಾಗ, ಭಾರತವನ್ನು ಆಳಿಹೋದ ದೇಶದ ಒಂದು ಮೂಲೆಯಲ್ಲಿ ಜಾರಿಯಲ್ಲಿದ್ದ ಕಾನೂನು ಇದು.

ಮನೆ ಕೊಡುವವನೇ ಮತ ಕೊಡುವವನು

ಯುದ್ಧದ ನಂತರ ಸರ್ಕಾರಿ ಮನೆ ಕಟ್ಟಿಸುವುದು, ಹಂಚುವುದು ಕೌನ್ಸಿಲ್‌ಗಳ ದೊಡ್ಡ ಕೆಲಸವಾಯಿತು. ಕೌನ್ಸಿಲ್ ಯಾರಿಗೆ ಮನೆ ಕೊಡುತ್ತದೋ ಅವರಿಗೆ ಅದರ ಜೊತೆಗೇ ಎರಡು ಮತವೂ ಸಿಗುತ್ತದೆ. ಆ ಮತದಿಂದಲೇ ಮುಂದಿನ ಕೌನ್ಸಿಲ್ ಆಯ್ಕೆಯಾಗುತ್ತದೆ. ಮನೆ ಹಂಚುವ ಸದಸ್ಯ ತನ್ನ ಮುಂದಿನ ಚುನಾವಣೆಯ ಮತದಾರರನ್ನೇ ತಾನು ಆರಿಸಿಕೊಂಡಂತೆ. ಬೇಡಿಕೆ ಎಷ್ಟೇ ಇದ್ದರೂ ಎದುರು ಪಕ್ಷದವರಿಗೆ ಮನೆ ಕೊಡದಿರಲು, ಕೊಟ್ಟರೂ ಅವರದೇ ವಾರ್ಡಿನಲ್ಲಿ ಕೊಡಲು ಇದಕ್ಕಿಂತ ಬಲವಾದ ಕಾರಣ ಬೇಕಿರಲಿಲ್ಲ.

ಡೆರಿಯಲ್ಲಿ ಮನೆ ಹಂಚುವ ಅಧಿಕಾರ ವರ್ಷಗಟ್ಟಲೆ ಮೇಯರ್ ಒಬ್ಬರ ಕೈಯಲ್ಲೇ ಇತ್ತು. ಕ್ಯಾಥೊಲಿಕರಿಗೆ ಮನೆ ಕಟ್ಟಲಿಲ್ಲ ಎಂದಲ್ಲ. ಗುಡ್ಡದ ಮೇಲೆ ಕ್ರೆಗನ್ ಎಂಬ ದೊಡ್ಡ ಬಡಾವಣೆಯೇ ಎದ್ದಿತು. ಆದರೆ ಅದು ದಕ್ಷಿಣ ವಾರ್ಡಿನಲ್ಲಿತ್ತು. ಅಲ್ಲಿ ಎಷ್ಟು ಮತ ಹೆಚ್ಚಿದರೂ 8 ಸದಸ್ಯರೇ. ದಕ್ಷಿಣದಲ್ಲಿ ಜಾಗ ಮುಗಿಯುತ್ತ ಬಂತು. ಬೇರೆ ವಾರ್ಡುಗಳಲ್ಲಿ ಕ್ಯಾಥೊಲಿಕರಿಗೆ ಮನೆ ಕೊಟ್ಟರೆ ಬಹುಮತ ಕೆಡುತ್ತದೆ, ನಗರದ ಗಡಿ ವಿಸ್ತರಿಸಿದರೂ ಕೆಡುತ್ತದೆ. ಹೀಗಾಗಿ ಕಾಯುವವರ ಸಾಲು ಬೆಳೆಯುತ್ತಲೇ ಹೋಯಿತು. ಯುದ್ಧಕಾಲದಲ್ಲಿ ಅಮೆರಿಕದ ನೌಕಾಪಡೆ ಬಿಟ್ಟುಹೋದ ಸ್ಪ್ರಿಂಗ್‌ಟೌನ್ ಶಿಬಿರದ ತಗಡಿನ ಗುಡಿಸಲುಗಳಿಗೆ 1946ರಲ್ಲಿ ಮನೆಯಿಲ್ಲದ ಕುಟುಂಬಗಳು ನುಗ್ಗಿ ನೆಲೆಸಿದವು. ತಾತ್ಕಾಲಿಕ ಎಂದುಕೊಂಡದ್ದು ಎರಡು ದಶಕ ದಾಟಿತು. ಕೊನೆಯ ಕುಟುಂಬಗಳು ಅಲ್ಲಿಂದ ಹೊರಬಿದ್ದದ್ದು 1967ರಲ್ಲಿ.

ಈ ಅನ್ಯಾಯದ ಸುತ್ತಲಿದ್ದ ಮೌನವನ್ನು ಮೊದಲು ಒಡೆದವರು ಟಿರೋನ್ ಕೌಂಟಿಯ ಡಂಗ್ಯಾನನ್ ಎಂಬ ಸಣ್ಣ ಪೇಟೆಯ ಗೃಹಿಣಿಯರು. ಪೇಟೆಯ ಜನರಲ್ಲಿ ಸುಮಾರು ಅರ್ಧ ಕ್ಯಾಥೊಲಿಕರು. ಕೌನ್ಸಿಲ್‌ನಲ್ಲಿ ಮಾತ್ರ ಯೂನಿಯನಿಸ್ಟರು 14, ನ್ಯಾಷನಲಿಸ್ಟರು 7. ಪುಟ್ಟ ಮಕ್ಕಳ ಜೊತೆ ಒಂದೊಂದು ಕೋಣೆಯಲ್ಲಿ ದಿನ ದೂಡುತ್ತಿದ್ದ ತಾಯಂದಿರು 1963ರ ಮೇ ತಿಂಗಳಲ್ಲಿ ಕೌನ್ಸಿಲ್‌ಗೆ ಮೊರೆಯಿಟ್ಟರು, ಬೀದಿಗಿಳಿದರು. ಅಮೆರಿಕದ ಕಪ್ಪು ಜನರ ಹೋರಾಟದ ಸುದ್ದಿ ದಿನವೂ ಬರುತ್ತಿದ್ದ ವರ್ಷ ಅದು. ಅವರ ಫಲಕಗಳಲ್ಲೂ ಆ ಹೋರಾಟದ ನೆನಪಿತ್ತು. ಆಗಸ್ಟ್‌ನಲ್ಲಿ, ಕೆಡವಲೆಂದು ಖಾಲಿ ಮಾಡಿಸಿದ್ದ ಫೇರ್‌ಮೌಂಟ್ ಪಾರ್ಕಿನ ಮನೆಗಳಿಗೆ ಕುಟುಂಬಗಳು ನುಗ್ಗಿ ಕೂತವು.

ಈ ತಾಯಂದಿರ ಬೆನ್ನಿಗೆ ನಿಂತವರು ಅದೇ ಪೇಟೆಯ ವೈದ್ಯ ಕಾನ್ ಮಕ್ಲಸ್ಕಿ ಮತ್ತು ಅವರ ಪತ್ನಿ ಪೆಟ್ರೀಷಿಯಾ ಮಕ್ಲಸ್ಕಿ. ದಂಪತಿ 1964ರ ಜನವರಿಯಲ್ಲಿ ಸಾಮಾಜಿಕ ನ್ಯಾಯ ಆಂದೋಲನವನ್ನು ಕಟ್ಟಿದರು. ಅವರು ಹಿಡಿದ ಆಯುಧ ಅಂಕಿಸಂಖ್ಯೆ. ಯಾವ ಕೌನ್ಸಿಲ್‌ನಲ್ಲಿ ಎಷ್ಟು ಮತದಾರರು, ಎಷ್ಟು ಸದಸ್ಯರು, ಎಷ್ಟು ನೌಕರರು, ಎಷ್ಟು ಮನೆ ಯಾರಿಗೆ ಎಂದು ಒಂದೊಂದನ್ನೂ ಕಲೆಹಾಕಿ ಕಿರುಪುಸ್ತಿಕೆಗಳಾಗಿ ಅಚ್ಚು ಹಾಕಿಸಿ ಲಂಡನ್ನಿನ ಸಂಸದರಿಗೆ, ಪತ್ರಿಕೆಗಳಿಗೆ ಕಳಿಸಿದರು. ಐರ್ಲೆಂಡ್ ಒಂದಾಗಬೇಕೋ ಬೇಡವೋ ಎಂಬ ಹಳೆಯ ಜಗಳವನ್ನು ಅವರು ಬದಿಗಿಟ್ಟರು. ಬ್ರಿಟನ್ನಿನ ಪ್ರಜೆಗಳು ಎನ್ನುತ್ತೀರಲ್ಲ, ಬ್ರಿಟನ್ನಿನ ಪ್ರಜೆಗಳಿಗಿರುವ ಮತ ನಮಗೂ ಕೊಡಿ ಎಂಬುದು ಅವರ ವಾದ. ಆ ವಾದಕ್ಕೆ ಉತ್ತರ ಹೇಳುವುದು ಸುಲಭವಿರಲಿಲ್ಲ.

ಲಂಡನ್ ಬಾಗಿಲು ತೆರೆಯಲು ಹಿಂಜರಿಯಿತು. ಸ್ಟಾರ್ಮಾಂಟ್‌ಗೆ ಬಿಟ್ಟುಕೊಟ್ಟ ವಿಷಯಗಳನ್ನು ಸಂಸತ್ತಿನಲ್ಲಿ ಎತ್ತುವಂತಿಲ್ಲ ಎಂದು 1923ರಲ್ಲಿ ಸ್ಪೀಕರ್ ಕೊಟ್ಟ ತೀರ್ಪನ್ನೇ ಸಂಪ್ರದಾಯವಾಗಿ ಪಾಲಿಸಲಾಗುತ್ತಿತ್ತು. 1966ರಲ್ಲಿ ಪಶ್ಚಿಮ ಬೆಲ್‌ಫಾಸ್ಟಿನಿಂದ ಗೆದ್ದು ಹೋದ ಜೆರಿ ಫಿಟ್, ಮ್ಯಾಂಚೆಸ್ಟರಿನ ಲೇಬರ್ ಸಂಸದ ಪಾಲ್ ರೋಸ್ ಮೊದಲಾದವರು ಆ ಸಂಪ್ರದಾಯಕ್ಕೆ ಮತ್ತೆ ಮತ್ತೆ ಡಿಕ್ಕಿ ಹೊಡೆದರು. 1967ರ ಜನವರಿ 29ರಂದು ಬೆಲ್‌ಫಾಸ್ಟಿನ ಒಂದು ಹೋಟೆಲಿನಲ್ಲಿ ಉತ್ತರ ಐರ್ಲೆಂಡ್ ನಾಗರಿಕ ಹಕ್ಕುಗಳ ಸಂಘ ಹುಟ್ಟಿತು. ಅದರ ಬೇಡಿಕೆಗಳ ಮೊದಲ ಸಾಲು: ಕೌನ್ಸಿಲ್ ಚುನಾವಣೆಗಳಲ್ಲಿ ಒಬ್ಬರಿಗೆ ಒಂದು ಮತ.

ಬೀದಿಗೆ ಬಂದ ಬೇಡಿಕೆ

1968ರ ಜೂನ್‌ನಲ್ಲಿ ಟಿರೋನ್‌ನ ಕ್ಯಾಲಿಡನ್ ಹಳ್ಳಿಯಲ್ಲಿ ಕೌನ್ಸಿಲ್‌ನ ಹೊಸ ಮನೆಯೊಂದನ್ನು 19 ವರ್ಷದ ಅವಿವಾಹಿತ ಪ್ರಾಟೆಸ್ಟೆಂಟ್ ಯುವತಿಗೆ ಹಂಚಲಾಯಿತು. ಪಕ್ಕದ ಮನೆಗೆ ಅನುಮತಿಯಿಲ್ಲದೆ ಹೊಕ್ಕಿದ್ದ ಮಕ್ಕಳಿದ್ದ ಕ್ಯಾಥೊಲಿಕ್ ಕುಟುಂಬವನ್ನು ಅಧಿಕಾರಿಗಳು ಎಳೆದು ಹೊರಹಾಕಿದರು. ಸ್ಟಾರ್ಮಾಂಟ್‌ನ ನ್ಯಾಷನಲಿಸ್ಟ್ ಸದಸ್ಯ ಆಸ್ಟಿನ್ ಕರಿ ಸದನದಲ್ಲಿ ವಿಷಯ ಎತ್ತಿದರು, ಫಲ ಸಿಗಲಿಲ್ಲ. ಜೂನ್ 20ರಂದು ಅವರು ಇಬ್ಬರು ಸಂಗಡಿಗರ ಜೊತೆ ಯುವತಿಗೆ ಹಂಚಿದ್ದ ಆ ಮನೆಯೊಳಗೆ ಹೋಗಿ ಕೂತರು. ಕೆಲವೇ ಗಂಟೆಗಳಲ್ಲಿ ಪೊಲೀಸರು ಅವರನ್ನು ಹೊರಗೆಳೆದರು. ಅಷ್ಟರಲ್ಲಿ ಟಿವಿ ಕ್ಯಾಮೆರಾಗಳು ಬಂದಿದ್ದವು. ಮನೆ, ಮತ, ಅಧಿಕಾರ ಈ ಮೂರರ ಗಂಟು ಎಲ್ಲರ ಕಣ್ಣಿಗೂ ಬಿತ್ತು.

ಆಗಸ್ಟ್ 24ರಂದು ಕೋಲ್‌ಐಲೆಂಡಿನಿಂದ ಡಂಗ್ಯಾನನ್‌ವರೆಗೆ ಮೊದಲ ನಾಗರಿಕ ಹಕ್ಕುಗಳ ಮೆರವಣಿಗೆ ಹೊರಟಿತು. ಸುಮಾರು 2,500 ಜನ ನಡೆದರು. ಪೇಟೆಯ ನಡುಭಾಗಕ್ಕೆ ಹೋಗಲು ಪೊಲೀಸರು ಬಿಡದಿದ್ದಾಗ ರಸ್ತೆಯಲ್ಲೇ ಕೂತು ಅಮೆರಿಕದ ಹೋರಾಟಗಾರರ ಹಾಡು ಹಾಡಿ ಚದುರಿದರು.

ಮುಂದಿನ ಮೆರವಣಿಗೆ ಡೆರಿಯಲ್ಲಿ, ಅಕ್ಟೋಬರ್ 5ರಂದು. ಗೃಹ ಸಚಿವ ವಿಲಿಯಂ ಕ್ರೇಗ್ ಅದನ್ನು ನಿಷೇಧಿಸಿದರು. ನಿಷೇಧ ಮುರಿದು ಡ್ಯೂಕ್ ಬೀದಿಯಲ್ಲಿ ಸೇರಿದವರು ಕೆಲವು ನೂರು ಜನ ಮಾತ್ರ. ಲಂಡನ್ನಿನಿಂದ ಬಂದ ಮೂವರು ಲೇಬರ್ ಸಂಸದರು ಅವರ ನಡುವೆ ಇದ್ದರು. ಪೊಲೀಸರು ಬೀದಿಯ ಎರಡೂ ತುದಿ ಕಟ್ಟಿ ಲಾಠಿ ಬೀಸಿದರು. ಜೆರಿ ಫಿಟ್ ಅವರ ತಲೆಯಿಂದ ರಕ್ತ ಸುರಿಯಿತು. ಡಬ್ಲಿನ್ನಿನ ದೂರದರ್ಶನದ ಕ್ಯಾಮೆರಾಮನ್ ಗೇ ಒ'ಬ್ರಯನ್ ಇದನ್ನೆಲ್ಲ ಚಿತ್ರೀಕರಿಸಿಕೊಂಡರು. ಆ ದೃಶ್ಯಗಳು ಜಗತ್ತಿನಾದ್ಯಂತ ಮೂಡಿದವು. ಕೌನ್ಸಿಲ್‌ನ ಮತದಾರರ ಪಟ್ಟಿಯಲ್ಲಿ ಯಾರಿರಬೇಕು ಎಂಬ ಊರಿನ ಪ್ರಶ್ನೆ ಒಂದೇ ಸಂಜೆಗೆ ಬ್ರಿಟಿಷ್ ಸರ್ಕಾರದ ಮರ್ಯಾದೆಯ ಪ್ರಶ್ನೆಯಾಯಿತು. ನವೆಂಬರ್ 16ರಂದು ಅದೇ ಡೆರಿಯಲ್ಲಿ ಸುಮಾರು 15,000 ಜನ ನಡೆದರು. ಅದನ್ನು ಸಂಘಟಿಸಿದ ನಾಗರಿಕ ಸಮಿತಿಯ ಅಧ್ಯಕ್ಷ ಐವನ್ ಕೂಪರ್ ಪ್ರಾಟೆಸ್ಟೆಂಟರು. ಉಪಾಧ್ಯಕ್ಷ ಜಾನ್ ಹ್ಯೂಮ್ ಕ್ಯಾಥೊಲಿಕ್ ಶಾಲಾ ಶಿಕ್ಷಕರು, ಮುಂದೆ 1998ರಲ್ಲಿ ನೊಬೆಲ್ ಶಾಂತಿ ಪ್ರಶಸ್ತಿ ಪಡೆದವರು.

ಬ್ರಿಟನ್ನಿನ ಪ್ರಧಾನಿ ಹೆರಾಲ್ಡ್ ವಿಲ್ಸನ್ ಸ್ಟಾರ್ಮಾಂಟ್‌ನ ಪ್ರಧಾನಿ ಟೆರೆನ್ಸ್ ಒ'ನೀಲ್ ಅವರನ್ನು ನವೆಂಬರ್ 4ರಂದು ಲಂಡನ್ನಿಗೆ ಕರೆಸಿ ಒತ್ತಡ ಹೇರಿದ್ದರು. 22ರಂದು ಒ'ನೀಲ್ ಐದು ಅಂಶಗಳ ಸುಧಾರಣೆ ಪ್ರಕಟಿಸಿದರು. ಮನೆ ಹಂಚಿಕೆಗೆ ಅಂಕ ಪದ್ಧತಿ, ದೂರು ಕೇಳಲು ಒಬ್ಬ ಅಧಿಕಾರಿ, ಕಂಪನಿ ಮತ ರದ್ದು, ಡೆರಿ ನಗರಸಭೆಯ ಬದಲು ಅಭಿವೃದ್ಧಿ ಆಯೋಗ, ವಿಚಾರಣೆಯಿಲ್ಲದೆ ಬಂಧಿಸಲು ಬಿಡುತ್ತಿದ್ದ ವಿಶೇಷಾಧಿಕಾರ ಕಾಯ್ದೆಯ ಕೆಲವು ಭಾಗಗಳ ಅಮಾನತು. ಬೇಡಿಕೆಯ ಮೊದಲ ಸಾಲು ಮಾತ್ರ ಅದರಲ್ಲಿರಲಿಲ್ಲ. ಸ್ಥಳೀಯ ಆಡಳಿತದ ಪುನರ್ರಚನೆ ಮುಗಿದ ಮೇಲೆ ಮತದಾನದ ಹಕ್ಕನ್ನು ನೋಡೋಣ ಎಂದರು. ಅದಕ್ಕೆ ಹಾಕಿಕೊಂಡ ಗಡುವು 1971ರ ಕೊನೆ.

ಆ ಹೊತ್ತಿಗೆ ಪೂರ್ಣ ಮತದಾನದ ಹಕ್ಕು ಕೊಟ್ಟಿದ್ದರೆ ಏನಾಗುತ್ತಿತ್ತು ಎಂಬ ಪ್ರಶ್ನೆಯನ್ನು ಇತಿಹಾಸಕಾರರು ಇಂದಿಗೂ ಕೇಳುತ್ತಾರೆ. ತಿಂಗಳುಗಳು ಉರುಳಿದಂತೆ ಬೀದಿಯ ಬಿಸಿ ಏರುತ್ತಲೇ ಹೋದದ್ದಂತೂ ನಿಜ. ವಿದ್ಯಾರ್ಥಿಗಳು 1969ರ ಹೊಸ ವರ್ಷದ ದಿನ ಬೆಲ್‌ಫಾಸ್ಟಿನಿಂದ ಡೆರಿಗೆ ನಡೆದು ಹೊರಟರು. ಜನವರಿ 4ರಂದು ಬರ್ನ್‌ಟಾಲೆಟ್ ಸೇತುವೆಯ ಬಳಿ ಅವರ ಮೇಲೆ ಕಲ್ಲು, ದೊಣ್ಣೆಗಳ ದಾಳಿಯಾಯಿತು. ದಾಳಿ ಮಾಡಿದವರಲ್ಲಿ ಕರ್ತವ್ಯದಲ್ಲಿಲ್ಲದ ಸಹಾಯಕ ಪೊಲೀಸರೂ ಇದ್ದರು. ಮೆರವಣಿಗೆಯಲ್ಲಿದ್ದ ಬರ್ನಡೆಟ್ ಡೆವ್ಲಿನ್ ಏಪ್ರಿಲ್‌ನಲ್ಲಿ, ತಮ್ಮ 21ನೆಯ ವಯಸ್ಸಿನಲ್ಲಿ, ಮಿಡ್ ಅಲ್ಸ್ಟರ್ ಕ್ಷೇತ್ರದಿಂದ ವೆಸ್ಟ್‌ಮಿನ್‌ಸ್ಟರ್‌ಗೆ ಆಯ್ಕೆಯಾದರು.

28ಕ್ಕೆ 22

1969ರ ಏಪ್ರಿಲ್ ತಿಂಗಳು. ಒ'ನೀಲ್ ತಮ್ಮ ಪಕ್ಷದ ಶಾಸಕರ ಮುಂದೆ ಕೊನೆಗೂ ಆ ಪ್ರಶ್ನೆಯನ್ನು ಇಟ್ಟರು: ಮುಂದಿನ ಕೌನ್ಸಿಲ್ ಚುನಾವಣೆಯಲ್ಲಿ ಎಲ್ಲ ವಯಸ್ಕರಿಗೂ ಮತ ಕೊಡುವುದೋ ಬೇಡವೋ? ಪರವಾಗಿ 28, ವಿರುದ್ಧ 22. ಅದರ ಬೆನ್ನಲ್ಲೇ ಅವರ ಸಂಪುಟದ ಸಚಿವ ಜೇಮ್ಸ್ ಚಿಚೆಸ್ಟರ್ ಕ್ಲಾರ್ಕ್ ಈ ಸುಧಾರಣೆಗೆ ಇದು ಸಮಯವಲ್ಲ ಎಂದು ರಾಜೀನಾಮೆ ಕೊಟ್ಟರು. ಇದೇ ದಿನಗಳಲ್ಲಿ ಬೆಲ್‌ಫಾಸ್ಟಿನ ನೀರು ಸರಬರಾಜು ವ್ಯವಸ್ಥೆಗೆ ಬಾಂಬ್ ಇಡಲಾಯಿತು. ಇದು ಐರ್ಲೆಂಡ್ ಒಂದಾಗಬೇಕೆನ್ನುವ ಉಗ್ರ ರಿಪಬ್ಲಿಕನ್ನರ ಕೃತ್ಯವೆಂದು ಆಗ ಹಲವರು ನಂಬಿದರು. ಇಟ್ಟವರು ಒ'ನೀಲ್ ಅವರನ್ನು ಕೆಳಗಿಳಿಸಬೇಕೆಂದಿದ್ದ, ಬ್ರಿಟನ್ನಿಗೆ ನಿಷ್ಠರಾದ ಉಗ್ರ ನಿಷ್ಠಾವಾದಿಗಳೆಂದು ನಂತರ ತಿಳಿಯಿತು. ಏಪ್ರಿಲ್ 28ರಂದು ಒ'ನೀಲ್ ಹುದ್ದೆ ತೊರೆದರು. ಅವರ ಜಾಗಕ್ಕೆ ಚಿಚೆಸ್ಟರ್ ಕ್ಲಾರ್ಕ್ ಅವರೇ ಬಂದರು, ಬ್ರಯನ್ ಫಾಕ್‌ನರ್ ಎದುರು ಒಂದೇ ಮತದ ಅಂತರದಲ್ಲಿ. ಸಮಯವಲ್ಲ ಎಂದಿದ್ದ ಅವರೇ ಆ ಸುಧಾರಣೆಯನ್ನು ಜಾರಿಗೆ ತರಬೇಕಾಯಿತು.

ಆಗಸ್ಟ್‌ನಲ್ಲಿ ಡೆರಿಯಲ್ಲಿ ಕ್ಯಾಥೊಲಿಕರ ಬಡಾವಣೆಯಾದ ಬಾಗ್‌ಸೈಡ್ ಮೂರು ದಿನ ಹೊತ್ತಿ ಉರಿಯಿತು. 14ರಂದು ಬ್ರಿಟಿಷ್ ಸೇನೆ ಬೀದಿಗಿಳಿಯಿತು. ಗಲಭೆಗಳ ಮೂಲ ಹುಡುಕಲು ನೇಮಿಸಿದ್ದ ಸ್ಕಾಟ್ಲೆಂಡಿನ ನ್ಯಾಯಾಧೀಶ ಲಾರ್ಡ್ ಕ್ಯಾಮೆರಾನ್ ನೇತೃತ್ವದ ಆಯೋಗದ ವರದಿ ಸೆಪ್ಟೆಂಬರ್‌ನಲ್ಲಿ ಹೊರಬಂತು. ಮನೆ ಹಂಚಿಕೆಯ ಅನ್ಯಾಯ, ವಾರ್ಡುಗಳ ವಕ್ರ ಗಡಿ, ಒಬ್ಬರಿಗೆ ಒಂದು ಮತ ಇಲ್ಲದಿರುವುದು ಇವೆಲ್ಲ ಕಲ್ಪಿತ ದೂರುಗಳಲ್ಲ, ನಿಜವಾದವು ಎಂದು ಅದು ದಾಖಲಿಸಿತು. ಡೆರಿಯ ವಾರ್ಡುವಾರು ಅಂಕಿಗಳು ಸರ್ಕಾರಿ ವರದಿಯೊಂದರಲ್ಲಿ ಸೇರಿದ್ದು ಹೀಗೆ. ನವೆಂಬರ್‌ನಲ್ಲಿ ಚುನಾವಣಾ ಕಾಯ್ದೆ ತಿದ್ದುಪಡಿಯಾಗಿ, 18 ತುಂಬಿದ ಪ್ರತಿಯೊಬ್ಬರಿಗೂ, ಮನೆ ಯಾರ ಹೆಸರಿನಲ್ಲೇ ಇರಲಿ, ಕೌನ್ಸಿಲ್ ಮತ ಸಿಕ್ಕಿತು.

ಹಕ್ಕು ಕಾಗದದ ಮೇಲೆ ಬಂದರೂ ಅದನ್ನು ಬಳಸುವ ದಿನ ಬೇಗ ಬರಲಿಲ್ಲ. ಪ್ಯಾಟ್ರಿಕ್ ಮ್ಯಾಕ್ರೊರಿ ನೇತೃತ್ವದ ಸಮಿತಿಯ 1970ರ ಶಿಫಾರಸಿನಂತೆ ಹಳೆಯ ಕೌನ್ಸಿಲ್‌ಗಳ ಜಾಗದಲ್ಲಿ 26 ಜಿಲ್ಲಾ ಕೌನ್ಸಿಲ್‌ಗಳನ್ನು ರಚಿಸಬೇಕಿತ್ತು. ಅದಕ್ಕಾಗಿ ಚುನಾವಣೆ ಮುಂದೆ ಹೋಯಿತು. 1971ರಲ್ಲಿ ಮನೆ ಕಟ್ಟುವ, ಹಂಚುವ ಅಧಿಕಾರವನ್ನು ಕೌನ್ಸಿಲ್‌ಗಳಿಂದ ತೆಗೆದು ಒಂದು ಸ್ವತಂತ್ರ ಗೃಹ ಮಂಡಳಿಗೆ ಕೊಡಲಾಯಿತು. 1972ರ ಮಾರ್ಚ್‌ನಲ್ಲಿ ಸ್ಟಾರ್ಮಾಂಟ್ ಸರ್ಕಾರವೇ ಅಮಾನತಾಗಿ ಲಂಡನ್ನಿನ ನೇರ ಆಡಳಿತ ಬಂತು. ಬಾಂಬು ಬಂದೂಕುಗಳ ನಡುವೆ 1973ರ ಮೇ 30ರಂದು ಕೊನೆಗೂ ಮತಗಟ್ಟೆಗಳು ತೆರೆದವು. 526 ಸ್ಥಾನಗಳು, ಎಲ್ಲ ವಯಸ್ಕರಿಗೂ ಮತ, ಮತ್ತು 51 ವರ್ಷಗಳ ಹಿಂದೆ ರದ್ದಾಗಿದ್ದ ಪ್ರಮಾಣಾನುಗುಣ ಪದ್ಧತಿಯ ಮರಳುವಿಕೆ. ಡೆರಿಯಲ್ಲಿ ರೇಮಂಡ್ ಮಕ್ಲೀನ್ ಎಂಬ ವೈದ್ಯರು ಮೇಯರ್ ಆದರು. ಒ'ಡೊಹರ್ಟಿ ಕಾಲದ ನಂತರ ಆ ಹುದ್ದೆಗೆ ನ್ಯಾಷನಲಿಸ್ಟರೊಬ್ಬರು ಬಂದದ್ದು ಆಗಲೇ. ಹಿಂಸೆ ಮಾತ್ರ 1998ರ ಶಾಂತಿ ಒಪ್ಪಂದದವರೆಗೂ ಮುಂದುವರಿದು ಸುಮಾರು 3,500 ಜೀವಗಳನ್ನು ಬಲಿ ಪಡೆಯಿತು. ಅದಕ್ಕೆ ಮತದಾರರ ಪಟ್ಟಿಯೊಂದೇ ಕಾರಣವಲ್ಲ. ಆದರೆ ಮೊದಲ ಮೆರವಣಿಗೆಗಳ ಜನ ಕೇಳಿದ್ದು ಗಡಿಯನ್ನಲ್ಲ, ಪಟ್ಟಿಯಲ್ಲೊಂದು ಸಾಲನ್ನು.

ಯಜಮಾನನ ಅರ್ಜಿಯಿಂದ ಒಬ್ಬೊಬ್ಬರ ಸಹಿಗೆ

ಮತ ಎಲ್ಲರಿಗೂ ಬಂದ ಮೇಲೂ ನೋಂದಣಿಯ ಕಾಗದದಲ್ಲಿ ಮನೆಯ ಯಜಮಾನಿಕೆ ಬಹುಕಾಲ ಉಳಿದುಕೊಂಡಿತು. ವರ್ಷಕ್ಕೊಮ್ಮೆ ಮನೆಗೊಂದು ಅರ್ಜಿ ಬರುತ್ತಿತ್ತು. ಮನೆಯ ಹಿರಿಯರು ಅರ್ಹರೆಲ್ಲರ ಹೆಸರು ಬರೆದು ಕಳಿಸುತ್ತಿದ್ದರು. ಸತ್ತವರ, ಊರು ಬಿಟ್ಟವರ ಹೆಸರಿನಲ್ಲಿ ಕಳ್ಳಮತ ಬೀಳುತ್ತದೆ ಎಂಬ ದೂರು ಜೋರಾದಾಗ 2002ರಲ್ಲಿ ಹೊಸ ಕಾಯ್ದೆ ಬಂತು. ಅದರಂತೆ ಪ್ರತಿಯೊಬ್ಬರೂ ಜನ್ಮದಿನಾಂಕ, ರಾಷ್ಟ್ರೀಯ ವಿಮಾ ಸಂಖ್ಯೆ ಮತ್ತು ಸ್ವಂತ ಸಹಿಯೊಂದಿಗೆ ತಾವೇ ಅರ್ಜಿ ಹಾಕಬೇಕಾಯಿತು. ಮತಗಟ್ಟೆಯಲ್ಲಿ ಭಾವಚಿತ್ರವಿರುವ ಗುರುತಿನ ಚೀಟಿ ತೋರಿಸಬೇಕು. ಹೊಸ ಪದ್ಧತಿಯ ಮೊದಲ ಪಟ್ಟಿಯಲ್ಲಿ ಹೆಸರುಗಳು ಸುಮಾರು ಶೇ. 10ರಷ್ಟು ಕಡಿಮೆಯಾದವು. ಕೆಲವು ಇರಬಾರದ ಹೆಸರುಗಳೇ. ಆದರೆ ಯುವಕರು, ವಿದ್ಯಾರ್ಥಿಗಳು, ಬಡ ಬಡಾವಣೆಗಳ ಜನರೂ ಬಿಟ್ಟುಹೋಗಿದ್ದರು. ಪಟ್ಟಿ ಶುದ್ಧವಾಗಿರುವುದು ಮತ್ತು ಪಟ್ಟಿ ಪೂರ್ಣವಾಗಿರುವುದು ಎರಡೂ ಬೇಕು. ಒಂದನ್ನು ಹಿಡಿದೆಳೆದರೆ ಇನ್ನೊಂದು ಜಾರುತ್ತದೆ ಎಂಬುದು ಅಲ್ಲಿನ ಚುನಾವಣಾ ಕಚೇರಿಗೆ ಅನುಭವದಿಂದ ಗೊತ್ತಾಯಿತು.

ಇಂದು ಉತ್ತರ ಐರ್ಲೆಂಡಿನಲ್ಲಿ 11 ಕೌನ್ಸಿಲ್‌ಗಳು, 462 ಸ್ಥಾನಗಳು. 18 ತುಂಬಿದ ಬ್ರಿಟಿಷ್ ಮತ್ತು ಐರಿಷ್ ಪ್ರಜೆಗಳ ಜೊತೆಗೆ ಅಲ್ಲಿ ಕಾನೂನುಬದ್ಧವಾಗಿ ವಾಸವಿರುವ ಕಾಮನ್‌ವೆಲ್ತ್ ದೇಶಗಳ ಪ್ರಜೆಗಳಿಗೂ ಕೌನ್ಸಿಲ್ ಮತವಿದೆ. ಆ ದೇಶಗಳಲ್ಲಿ ಭಾರತವೂ ಒಂದು. ಬೆಲ್‌ಫಾಸ್ಟಿನ ಆಸ್ಪತ್ರೆಯಲ್ಲಿ ದುಡಿಯುವ ಮಂಗಳೂರಿನ ನರ್ಸ್ ಭಾರತದ ಪಾಸ್‌ಪೋರ್ಟನ್ನು ಇಟ್ಟುಕೊಂಡೇ, ಇನ್ನೊಬ್ಬರ ಮನೆಯ ಕೋಣೆಯೊಂದರಲ್ಲಿ ಬಾಡಿಗೆಗಿದ್ದುಕೊಂಡೇ ಅಲ್ಲಿನ ಪಟ್ಟಿಗೆ ಹೆಸರು ಸೇರಿಸಬಹುದು. 1968ರಲ್ಲಿ ಅದೇ ಊರಿನಲ್ಲಿ ಹುಟ್ಟಿ ಬೆಳೆದ ಬಾಡಿಗೆ ಕೋಣೆಯ ನಿವಾಸಿಗೆ ಈ ಹಕ್ಕು ಇರಲಿಲ್ಲ. ಡೆರಿ ಈಗ ಸ್ಟ್ರಬೇನ್ ಜೊತೆ ಸೇರಿ ಒಂದು ಕೌನ್ಸಿಲ್. ಕೀನ್ಯಾದಲ್ಲಿ ಹುಟ್ಟಿ 2010ರಲ್ಲಿ ಆಶ್ರಯ ಕೋರಿ ಆ ನಾಡಿಗೆ ಬಂದ ಲಿಲಿಯನ್ ಸೀನೋಯ್ ಬಾರ್ 2023ರ ಚುನಾವಣೆಯಲ್ಲಿ ಅಲ್ಲಿಂದ ಗೆದ್ದರು, 2024ರ ಜೂನ್‌ನಲ್ಲಿ ಅದರ ಮೇಯರ್ ಆದರು. ಉತ್ತರ ಐರ್ಲೆಂಡಿನ ಮೊದಲ ಕಪ್ಪು ಮೇಯರ್ ಅವರು.